ಇನ್ನೂರು ವರ್ಷ ಕಾದ ವಾಕ್ಯ

ವಾಷಿಂಗ್ಟನ್ ನಗರದ ರಾಷ್ಟ್ರೀಯ ಪತ್ರಾಗಾರದಲ್ಲಿ, ಗಾಜಿನಡಿ, ಮಂದ ಬೆಳಕಿನಲ್ಲಿ ಒಂದು ದೊಡ್ಡ ಚರ್ಮಪತ್ರ ಇಟ್ಟಿದ್ದಾರೆ. ಅಮೆರಿಕದ ‘ಬಿಲ್ ಆಫ್ ರೈಟ್ಸ್’ ಎಂದರೆ ಅದೇ. ಆ ದೇಶದ ಸಂವಿಧಾನಕ್ಕಾದ ಮೊದಲ ಹತ್ತು ತಿದ್ದುಪಡಿಗಳು ಅದರಲ್ಲಿವೆ ಎಂದು ಅಲ್ಲಿನ ಶಾಲೆ ಮಕ್ಕಳೂ ಹೇಳುತ್ತಾರೆ. ಈಗ ಆ ಹಾಳೆಯ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿಕೊಂಡು, ಬೆರಳಿಟ್ಟು ಎಣಿಸಿ ನೋಡಿ. ಮೇಲ್ಗಡೆ ದಪ್ಪ ಅಕ್ಷರಗಳಲ್ಲಿ ಕಾಂಗ್ರೆಸ್ಸಿನ, ಅಂದರೆ ಅಲ್ಲಿನ ಸಂಸತ್ತಿನ, ಹೆಸರು. ಕೆಳಗೆ ಮಾಸಿದ ಶಾಯಿಯಲ್ಲಿ ಒತ್ತೊತ್ತಾಗಿ ಬರೆದ ಸಾಲುಗಳು. ಮೊದಲನೆಯ ವಿಧಿ, ಎರಡನೆಯ ವಿಧಿ, ಮೂರನೆಯದು... ಎಣಿಕೆ ಹತ್ತಕ್ಕೆ ನಿಲ್ಲುವುದೇ ಇಲ್ಲ. ಹನ್ನೊಂದು ಬರುತ್ತದೆ. ಹನ್ನೆರಡೂ ಬರುತ್ತದೆ!

ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಧಾರ್ಮಿಕ ಸ್ವಾತಂತ್ರ್ಯಗಳನ್ನು ಕೊಟ್ಟ, ಜಗತ್ತೆಲ್ಲ ಕೊಂಡಾಡುವ ‘ಮೊದಲ ತಿದ್ದುಪಡಿ’ ಈ ಹಾಳೆಯಲ್ಲಿ ಮೂರನೆಯದು. ಅದಕ್ಕಿಂತ ಮೇಲೆ ಇನ್ನೆರಡು ಇವೆ. ಅವುಗಳಲ್ಲೊಂದು ಸುಮಾರು ಇನ್ನೂರು ವರ್ಷ ಹೆಚ್ಚಿನವರ ಗಮನಕ್ಕೆ ಬಾರದೆ ಬಿದ್ದಿದ್ದು, ಕಾಲೇಜು ಹುಡುಗನೊಬ್ಬನ ಕಣ್ಣಿಗೆ ಬಿದ್ದು, ಕೊನೆಗೆ ಜಗತ್ತಿನ ಬಲಾಢ್ಯ ದೇಶದ ಮೂಲ ಕಾನೂನೇ ಆಗಿಬಿಟ್ಟಿತು. ಸಂವಿಧಾನಗಳ ಚರಿತ್ರೆಯಲ್ಲಿ ನನ್ನನ್ನು ಇಷ್ಟು ಬೆರಗುಗೊಳಿಸಿದ ಕಥೆ ಇನ್ನೊಂದಿಲ್ಲ.

ಕಥೆ ಶುರುವಾಗುವುದು 1789ರಲ್ಲಿ. ಸಂವಿಧಾನವೇನೋ ಜಾರಿಗೆ ಬಂದಿತ್ತು, ಆದರೆ ಅದರಲ್ಲಿ ಪ್ರಜೆಯ ಹಕ್ಕುಗಳ ಪಟ್ಟಿಯೇ ಇರಲಿಲ್ಲ. ಅಂಥ ಪಟ್ಟಿಯ ಅಗತ್ಯವಿಲ್ಲ ಎಂದು ಮೊದಲು ವಾದಿಸಿದ್ದ ಜೇಮ್ಸ್ ಮ್ಯಾಡಿಸನ್, ವರ್ಜೀನಿಯದಿಂದ ಚುನಾವಣೆಗೆ ನಿಂತಾಗ ಮತದಾರರಿಗೆ ಮಾತು ಕೊಟ್ಟರು: ಗೆಲ್ಲಿಸಿ, ಹಕ್ಕುಗಳ ತಿದ್ದುಪಡಿ ತರುತ್ತೇನೆ. ಎದುರಾಳಿ ಜೇಮ್ಸ್ ಮನ್ರೋ. ಮುಂದೆ ಇಬ್ಬರೂ ಅಧ್ಯಕ್ಷರಾದವರೇ! ಗೆದ್ದ ಮ್ಯಾಡಿಸನ್ ಆ ವರ್ಷದ ಜೂನ್ 8ರಂದು ಪ್ರತಿನಿಧಿ ಸಭೆಯಲ್ಲಿ ಎದ್ದು ನಿಂತು ಕೊಟ್ಟ ಮಾತು ಉಳಿಸಿಕೊಂಡರು. ಪ್ರತಿನಿಧಿ ಸಭೆ ಹದಿನೇಳು ತಿದ್ದುಪಡಿಗಳನ್ನು ಒಪ್ಪಿತು. ಸೆನೆಟ್ ಅವನ್ನು ಕೂಡಿಸಿ, ಕಳೆದು ಹನ್ನೆರಡಕ್ಕೆ ಇಳಿಸಿತು. ಸೆಪ್ಟೆಂಬರ್ 25ರಂದು ಆ ಹನ್ನೆರಡೂ ತಿದ್ದುಪಡಿಗಳು ರಾಜ್ಯಗಳ ಒಪ್ಪಿಗೆಗೆ ಹೊರಟವು.

ಮ್ಯಾಡಿಸನ್ ಅವರಿಗೆ ಹೊಸ ಮಾತುಗಳನ್ನು ಸಂವಿಧಾನದ ಒಳಗೇ, ಸೇರಬೇಕಾದ ಜಾಗಗಳಲ್ಲಿ ಸೇರಿಸುವ ಆಸೆಯಿತ್ತು. ಕನೆಕ್ಟಿಕಟ್ಟಿನ ರೋಜರ್ ಶರ್ಮನ್ ಜಪ್ಪಯ್ಯ ಎಂದರೂ ಬಿಡಲಿಲ್ಲ. ಮೂಲದ ಒಂದಕ್ಷರವನ್ನೂ ಮುಟ್ಟಬೇಡಿ, ಬೇಕಾದ್ದನ್ನು ಕೊನೆಯಲ್ಲಿ ಸೇರಿಸಿ ಎಂಬುದು ಅವರ ಹಟ. ಆ ಹಟ ಗೆದ್ದಿತು. ಅದರಿಂದ ಆದದ್ದೇನು ಗೊತ್ತೆ? ಅಮೆರಿಕದ ಸಂವಿಧಾನದಲ್ಲಿ ರದ್ದಾದದ್ದೂ ಅಳಿಯುವುದಿಲ್ಲ. ಗುಲಾಮರನ್ನು ಐದರಲ್ಲಿ ಮೂರು ಪಾಲು ಮನುಷ್ಯರೆಂದು ಲೆಕ್ಕ ಹಾಕಿದ ಆ ನಾಚಿಕೆಗೇಡಿನ ವಾಕ್ಯ ಇವತ್ತಿಗೂ ಮೂಲದಲ್ಲಿದೆ. ಮದ್ಯ ನಿಷೇಧಿಸಿದ 18ನೇ ತಿದ್ದುಪಡಿ ಹಾಗೇ ಇದೆ, ಅದನ್ನು ತೆಗೆದುಹಾಕಿದ 21ನೆಯದೂ ಅದರ ಕೆಳಗೇ ಇದೆ. ನಮ್ಮಲ್ಲಿ 1976ರ 42ನೇ ತಿದ್ದುಪಡಿ ಪೀಠಿಕೆಯ ವಾಕ್ಯದ ನಡುವೆಯೇ ಹೊಸ ಪದಗಳನ್ನು ಕೂರಿಸಿತು. ಈಗ ಓದುವವರಿಗೆ ಹಳೆಯದು ಯಾವುದು, ಹೊಸದು ಯಾವುದು ಎಂದು ತಿಳಿಯಬೇಕಾದರೆ ಅಡಿಟಿಪ್ಪಣಿ ನೋಡಬೇಕು. ಅಲ್ಲಿ ಹಾಗಲ್ಲ. ಒಂದು ದೇಶ ತಾನು ಎಡವಿದ್ದನ್ನೂ ಎದ್ದಿದ್ದನ್ನೂ ಒಂದೇ ಹಾಳೆಯಲ್ಲಿ ಇಟ್ಟುಕೊಂಡಿದೆ. ಶರ್ಮನ್ ಹಟ ಮಾಡಿದ್ದು ಒಳ್ಳೆಯದೇ ಆಯಿತು ಎಂದು ನನಗನ್ನಿಸುತ್ತದೆ.

ಆ ಹಾಳೆಯ ಏಳನೆಯ ವಿಧಿಯನ್ನು ದಾಟಿ ಹೋಗಲು ಕನ್ನಡಿಗರಿಗೆ ಮನಸ್ಸು ಬರಬಾರದು. ಅದೇ ಇಂದಿನ ಐದನೇ ತಿದ್ದುಪಡಿ. ‘ಡ್ಯೂ ಪ್ರೊಸೆಸ್’ ಇಲ್ಲದೆ, ಅಂದರೆ ನ್ಯಾಯಸಮ್ಮತವಾದ ಕ್ರಮವಿಲ್ಲದೆ, ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಆಸ್ತಿಯನ್ನೂ ಸರ್ಕಾರ ಕಸಿಯಕೂಡದು ಎನ್ನುತ್ತದೆ ಅದು. 1947ರಲ್ಲಿ ನಮ್ಮ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಅವರು ಅಮೆರಿಕಕ್ಕೆ ಹೋಗಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡಾಗ ಚರ್ಚೆಗೆ ಬಂದದ್ದು ಇದೇ ಮಾತು. ಅದನ್ನು ಇಟ್ಟುಕೊಂಡರೆ ಚುನಾಯಿತ ಶಾಸಕಾಂಗದ ತಲೆಯ ಮೇಲೆ ನ್ಯಾಯಾಧೀಶರನ್ನು ಕೂರಿಸಿದಂತಾಗುತ್ತದೆ, ಬೇಡ ಎಂಬುದು ಫ್ರಾಂಕ್‌ಫರ್ಟರ್ ಸಲಹೆ. ನಮ್ಮ 21ನೇ ವಿಧಿಯಲ್ಲಿ ಕೊನೆಗೆ ಉಳಿದದ್ದು ‘ಕಾನೂನಿನಿಂದ ಸ್ಥಾಪಿತವಾದ ಪ್ರಕ್ರಿಯೆ’. ಮೂವತ್ತು ವರ್ಷ ಕಳೆದು, 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಆ ಪ್ರಕ್ರಿಯೆ ನ್ಯಾಯಯುತವೂ ಆಗಿರಬೇಕು ಎಂದು ಹೇಳಿ, ಬಿಟ್ಟುಬಂದಿದ್ದ ಅರ್ಥವನ್ನು ಹಿಂಬಾಗಿಲಿನಿಂದ ಒಳಗೆ ಕರೆದುಕೊಂಡಿತು!

ಈಗ ಆ ಹಾಳೆಯ ಎರಡನೆಯ ವಿಧಿಗೆ ಬರೋಣ. ಅದು ಒಂದೇ ಒಂದು ವಾಕ್ಯ. ಅದರ ಸಾರ ಇಷ್ಟು: ಸೆನೆಟರುಗಳ ಮತ್ತು ಪ್ರತಿನಿಧಿಗಳ ಸಂಬಳವನ್ನು ಬದಲಿಸುವ ಯಾವ ಕಾನೂನೂ, ನಡುವೆ ಪ್ರತಿನಿಧಿ ಸಭೆಗೆ ಒಂದು ಚುನಾವಣೆ ನಡೆಯುವ ತನಕ ಜಾರಿಗೆ ಬರಬಾರದು. ಮೂಲ ಸಂವಿಧಾನ ಸಂಸದರಿಗೆ ತಮ್ಮ ಸಂಬಳವನ್ನು ತಾವೇ ಗೊತ್ತುಮಾಡಿಕೊಳ್ಳುವ ಅಧಿಕಾರ ಕೊಟ್ಟಿತ್ತು. ಸಾರ್ವಜನಿಕರ ಬೊಕ್ಕಸಕ್ಕೆ ತಾವೇ ಕೈ ಹಾಕಿ ಜೇಬು ತುಂಬಿಕೊಳ್ಳುವುದು ನೋಡಲಿಕ್ಕೇ ಚೆನ್ನಾಗಿಲ್ಲ ಎಂಬ ಸಂಕೋಚ ಮ್ಯಾಡಿಸನ್ ಅವರಿಗಿತ್ತು. ಹಾಗಾಗಿ ಈ ತಡೆ. ಸಂಬಳ ಏರಿಸಿಕೊಳ್ಳಿ, ಆದರೆ ಮೊದಲು ಊರಿಗೆ ಹೋಗಿ ಮತದಾರರ ಮುಖ ನೋಡಿ ಬನ್ನಿ. ಅಧಿಕಾರವನ್ನು ಕಿತ್ತುಕೊಳ್ಳದೆ, ಅದು ಕೈಗೆ ಸಿಗುವ ಮುನ್ನ ಜನರ ಮುಂದೆ ಹಾದುಹೋಗುವಂತೆ ಮಾಡಿದ್ದಾರೆ! ಅಮೆರಿಕದ ಸರ್ಕಾರ ನಿಂತಿರುವ ಬುನಾದಿಯೇ ಈ ಬಗೆಯ ತಡೆಗಳು. ಕಾಂಗ್ರೆಸ್ಸಿಗೆ ಅಧ್ಯಕ್ಷರ ತಡೆ, ಅಧ್ಯಕ್ಷರಿಗೆ ಕಾಂಗ್ರೆಸ್ಸಿನ ತಡೆ, ಇಬ್ಬರಿಗೂ ನ್ಯಾಯಾಲಯದ ತಡೆ, ಎಲ್ಲರಿಗೂ ರಾಜ್ಯಗಳ ತಡೆ.

ರಾಜ್ಯಗಳ ತಡೆ ಎಷ್ಟು ಗಟ್ಟಿ ಎಂಬುದು ತಿದ್ದುಪಡಿಯ ವಿಧಾನವನ್ನು ನೋಡಿದರೆ ಗೊತ್ತಾಗುತ್ತದೆ. ಸಂವಿಧಾನದ ಐದನೇ ವಿಧಿಯ ಪ್ರಕಾರ ಕಾಂಗ್ರೆಸ್ಸಿನ ಎರಡೂ ಸದನಗಳು ಮೂರನೇ ಎರಡರಷ್ಟು ಬಹುಮತದಿಂದ ತಿದ್ದುಪಡಿಯನ್ನು ಸೂಚಿಸಬೇಕು. (ರಾಜ್ಯಗಳೇ ಕೇಳಿ ವಿಶೇಷ ಸಮಾವೇಶ ಕರೆಸುವ ಇನ್ನೊಂದು ದಾರಿಯೂ ಇದೆ. ಆ ದಾರಿಯಲ್ಲಿ ಈವರೆಗೆ ಯಾವ ತಿದ್ದುಪಡಿಯೂ ಬಂದಿಲ್ಲ.) ಆಮೇಲೆ ನಾಲ್ಕನೇ ಮೂರರಷ್ಟು ರಾಜ್ಯಗಳು ಒಪ್ಪಬೇಕು. ಇವತ್ತಿನ ಲೆಕ್ಕದಲ್ಲಿ ಐವತ್ತರಲ್ಲಿ ಮೂವತ್ತೆಂಟು. ಅಧ್ಯಕ್ಷರಿಗೆ ಇಲ್ಲಿ ಯಾವ ಪಾತ್ರವೂ ಇಲ್ಲ! ಅವರ ಸಹಿ ಬೇಕಿಲ್ಲ, ವಿಟೊ ನಡೆಯುವುದಿಲ್ಲ. 1798ರಲ್ಲೇ ಸುಪ್ರೀಂ ಕೋರ್ಟು ಅದನ್ನು ಇತ್ಯರ್ಥ ಮಾಡಿದೆ. ರಾಜ್ಯಪಾಲರ ಸಹಿಯೂ ಬೇಕಿಲ್ಲ. 1789ರಿಂದ ಕಾಂಗ್ರೆಸ್ಸಿನಲ್ಲಿ ಮಂಡನೆಯಾದ ತಿದ್ದುಪಡಿ ಪ್ರಸ್ತಾವಗಳು ಹನ್ನೊಂದು ಸಾವಿರಕ್ಕೂ ಹೆಚ್ಚು. ರಾಜ್ಯಗಳ ಬಾಗಿಲು ಮುಟ್ಟಿದವು 33. ಗೆದ್ದವು 27.

ಈ ಬಾಗಿಲು ಒಮ್ಮೊಮ್ಮೆ ತಟ್ಟನೆ ತೆರೆಯುವುದೂ ಉಂಟು. ಹದಿನೆಂಟು ತುಂಬಿದವರಿಗೆ ಮತ ಕೊಟ್ಟ 26ನೇ ತಿದ್ದುಪಡಿಗೆ 1971ರ ಮಾರ್ಚ್ 23ರಂದು ಕಾಂಗ್ರೆಸ್ ಒಪ್ಪಿತು, ಜುಲೈ 1ಕ್ಕೆ ಸಾಕಷ್ಟು ರಾಜ್ಯಗಳೂ ಒಪ್ಪಿಬಿಟ್ಟವು. ನೂರೇ ದಿನ. ಇನ್ನು ಒಮ್ಮೊಮ್ಮೆ ಒಬ್ಬನೇ ಮನುಷ್ಯನ ಬಾಯಿಂದ ಬರುವ ಒಂದು ಶಬ್ದಕ್ಕೆ ದೇಶವೇ ಕಾಯುತ್ತದೆ. 1920ರ ಆಗಸ್ಟ್ 18. ಟೆನೆಸಿ ರಾಜ್ಯದ ರಾಜಧಾನಿ ನ್ಯಾಶ್‌ವಿಲ್. ಹೆಂಗಸರಿಗೆ ಮತದಾನದ ಹಕ್ಕು ಕೊಡುವ 19ನೇ ತಿದ್ದುಪಡಿಗೆ ಆಗಿನ ನಲವತ್ತೆಂಟು ರಾಜ್ಯಗಳಲ್ಲಿ ಮೂವತ್ತಾರು ಬೇಕಿತ್ತು, ಮೂವತ್ತೈದು ಆಗಿದ್ದವು. ಪ್ರಸ್ತಾವವನ್ನು ಮುಂದೂಡುವ ಸೂಚನೆಗೆ 48–48 ಸಮಬಲ. ನಂತರ ನಿಜವಾದ ಮತ. ಸದನದ ಅತಿ ಕಿರಿಯ ಸದಸ್ಯ, ಇಪ್ಪತ್ತನಾಲ್ಕರ ಹ್ಯಾರಿ ಬರ್ನ್, ಕೋಟಿಗೆ ವಿರೋಧಿಗಳ ಕೆಂಗುಲಾಬಿ ಸಿಕ್ಕಿಸಿಕೊಂಡಿದ್ದರು. ಜೇಬಿನಲ್ಲಿ ಮಾತ್ರ ತಾಯಿಯ ಕಾಗದವಿತ್ತು. ಹೆಂಗಸರ ಪರವಾಗಿ ಮತ ಹಾಕು ಮಗನೇ ಎಂದು ಆಕೆ ಹಳ್ಳಿಯಿಂದ ಬರೆದಿದ್ದರು. ಹೆಸರು ಕೂಗಿದಾಗ ಬರ್ನ್ ಪರವಾಗಿ ಮತ ಹಾಕಿಬಿಟ್ಟರು! ಒಬ್ಬ ತಾಯಿಯ ಕಾಗದ ಮಗನ ಜೇಬಿನಿಂದ ದೇಶದ ಸಂವಿಧಾನಕ್ಕೆ ತಲುಪಿದ ಆ ಗಳಿಗೆಯನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಸಂಬಳದ ವಾಕ್ಯಕ್ಕೆ ಅಂಥ ಭಾಗ್ಯ ಇರಲಿಲ್ಲ. 1791ರ ಡಿಸೆಂಬರ್ 15ರಂದು ವರ್ಜೀನಿಯ ಒಪ್ಪಿದೊಡನೆ ಹಾಳೆಯ ಮೂರರಿಂದ ಹನ್ನೆರಡರವರೆಗಿನ ವಿಧಿಗಳು ಗೆದ್ದು ಬಿಲ್ ಆಫ್ ರೈಟ್ಸ್ ಆದವು. ಎರಡನೆಯದಕ್ಕೆ ಬೆರಳೆಣಿಕೆಯ ರಾಜ್ಯಗಳಷ್ಟೇ ಒಪ್ಪಿದ್ದವು. ಅದು ಸೋಲಲೂ ಇಲ್ಲ, ಗೆಲ್ಲಲೂ ಇಲ್ಲ. ಇಂತಿಷ್ಟು ವರ್ಷದೊಳಗೆ ಒಪ್ಪಬೇಕು ಎಂದು ಯಾರೂ ಬರೆದಿರಲಿಲ್ಲ. ತಿದ್ದುಪಡಿಗೆ ಏಳು ವರ್ಷದ ಗಡುವು ಹಾಕುವ ಪದ್ಧತಿ ಬಂದದ್ದೇ 1917ರಲ್ಲಿ, ಮದ್ಯ ನಿಷೇಧದ ತಿದ್ದುಪಡಿಯ ಜೊತೆಗೆ.

ಆದರೂ ಅದರ ಒಳಗೆ ಜೀವ ಇತ್ತು. 1816ರಲ್ಲಿ ಸಂಸದರು ದಿನಕ್ಕೆ ಆರು ಡಾಲರಿನ ಭತ್ಯೆ ಬಿಟ್ಟು ವರ್ಷಕ್ಕೆ 1,500 ಡಾಲರ್ ಸಂಬಳ ಮಾಡಿಕೊಂಡರು. ಜನ ಎಷ್ಟು ಕೆರಳಿದರೆಂದರೆ ಮುಂದಿನ ಚುನಾವಣೆಯ ನಂತರ ಪ್ರತಿನಿಧಿ ಸಭೆಗೆ ಅರ್ಧಕ್ಕಿಂತ ಹೆಚ್ಚು ಮಂದಿ ಮರಳಲೇ ಇಲ್ಲ. 1873ರಲ್ಲಿ ಇನ್ನೂ ದೊಡ್ಡ ಹಗರಣ: ಸಂಬಳ 5,000ದಿಂದ 7,500 ಡಾಲರಿಗೆ ಏರಿತು, ಅದೂ ಹಿಂದಿನ ಎರಡು ವರ್ಷದ ಬಾಕಿ ಸಮೇತ! ಪತ್ರಿಕೆಗಳು ಅದನ್ನು ಸಂಬಳದ ಲೂಟಿ ಎಂದೇ ಕರೆದವು. ಆಗ ಓಹಾಯೊ ರಾಜ್ಯದ ಶಾಸಕರು ಯಾರೂ ನೆನೆಯದಿದ್ದ ಎಂಬತ್ತನಾಲ್ಕು ವರ್ಷದ ಹಳೆಯ ವಾಕ್ಯವನ್ನು ಹುಡುಕಿ ತೆಗೆದು, ಸಿಟ್ಟಿನಿಂದಲೇ ಅದಕ್ಕೆ ಒಪ್ಪಿಗೆ ಕೊಟ್ಟರು. ಆಮೇಲೆ ಮತ್ತೆ ನೂರು ವರ್ಷ ಮೌನ. 1978ರಲ್ಲಿ, ಇನ್ನೊಂದು ಸಂಬಳ ಏರಿಕೆಯ ಬೆನ್ನಿಗೆ, ವಯೋಮಿಂಗ್ ರಾಜ್ಯ ಓಹಾಯೊದ ಹಾದಿ ಹಿಡಿಯಿತು. ಎರೆಮಣ್ಣಿನಲ್ಲಿ ಹೂತ ಬೀಜ ಮಳೆ ಬಿದ್ದಾಗಲೆಲ್ಲ ಒಂದಿಷ್ಟು ಮೊಳೆತಂತೆ, ಆ ವಾಕ್ಯ ಸಂಸದರ ಸಂಬಳ ಏರಿದಾಗ ಮಾತ್ರ ತಲೆಯೆತ್ತುತ್ತಿತ್ತು.

ಅಷ್ಟರಲ್ಲಿ ಗ್ರೆಗರಿ ವಾಟ್ಸನ್ ಬಂದ.

1982. ಆಸ್ಟಿನ್ನಿನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಎರಡನೇ ವರ್ಷದ ವಿದ್ಯಾರ್ಥಿ. ಸರ್ಕಾರದ ಬಗೆಗಿನ ಪಾಠಕ್ಕೆ ಒಂದು ಪ್ರಬಂಧ ಬರೆಯಬೇಕಿತ್ತು. ಆಗ ಸುದ್ದಿಯಲ್ಲಿದ್ದದ್ದು ಸ್ತ್ರೀ–ಪುರುಷ ಸಮಾನ ಹಕ್ಕುಗಳ ತಿದ್ದುಪಡಿ. ಅದರ ಮೇಲೇ ಬರೆಯೋಣವೆಂದು ಹುಡುಗ ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತಿರುವುತ್ತ ಕೂತ. ಕಾಂಗ್ರೆಸ್ ಕಳಿಸಿಯೂ ರಾಜ್ಯಗಳು ಪೂರ್ತಿ ಒಪ್ಪದೆ ಬಿಟ್ಟ ತಿದ್ದುಪಡಿಗಳ ಪಟ್ಟಿ ಒಂದು ಕಡೆ ಕಣ್ಣಿಗೆ ಬಿತ್ತು. ಅದರಲ್ಲಿ 1789ರ ಆ ವಾಕ್ಯ. ಆ ಪಟ್ಟಿಯನ್ನು ಅವನಿಗಿಂತ ಮುಂಚೆ ಎಷ್ಟು ಜನ ನೋಡಿದ್ದರೋ! ವಕೀಲರು, ಪ್ರಾಧ್ಯಾಪಕರು, ಸಂಸದರು. ಎಲ್ಲರೂ ಅದನ್ನು ಹಳೆಯ ಕಾಲದ ಪಳೆಯುಳಿಕೆ ಎಂದುಕೊಂಡು ಪುಟ ಮಗುಚಿದ್ದರು. ಈ ಹುಡುಗ ಪುಟ ಮಗುಚದೆ ಕೇಳಿಕೊಂಡ: ಗಡುವೇ ಇಲ್ಲದ ಮೇಲೆ ಇದು ಸತ್ತದ್ದಾದರೂ ಯಾವಾಗ?

ಕೇಳಲು ಸುಲಭ, ಉತ್ತರ ಸುಲಭವಲ್ಲ. 1921ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ತಿದ್ದುಪಡಿಗೆ ರಾಜ್ಯಗಳ ಒಪ್ಪಿಗೆ ಒಂದೇ ಕಾಲದ ಜನಾಭಿಪ್ರಾಯವನ್ನು ತೋರಬೇಕು, 1789ರಷ್ಟು ಹಳೆಯವು ಇನ್ನೂ ಜೀವಂತ ಎನ್ನುವುದು ಸಲ್ಲದು ಎಂಬ ಧಾಟಿಯಲ್ಲಿ ಮಾತಾಡಿತ್ತು. 1939ರಲ್ಲಿ ಅದೇ ಕೋರ್ಟು, ಕಾಲ ಮೀರಿತೋ ಇಲ್ಲವೋ ಎಂದು ತೀರ್ಮಾನಿಸುವುದು ಕಾಂಗ್ರೆಸ್ಸಿನ ಕೆಲಸ, ನಮ್ಮದಲ್ಲ ಎಂದಿತು. ವಾಟ್ಸನ್ ಎರಡನೆಯ ತೀರ್ಪನ್ನು ಹಿಡಿದುಕೊಂಡ. ವಾಕ್ಯ ಇನ್ನೂ ಬದುಕಿದೆ, ಉಳಿದ ರಾಜ್ಯಗಳು ಇಂದೇ ಒಪ್ಪಬಹುದು ಎಂದು ಪ್ರಬಂಧ ಬರೆದ. ಬಂದ ಗ್ರೇಡು ‘ಸಿ’. ಮೇಲಿನವರಲ್ಲಿ ದೂರು ಹೇಳಿಕೊಂಡರೂ ಗ್ರೇಡು ಬದಲಾಗಲಿಲ್ಲ.

ನಾವಾಗಿದ್ದರೆ ಪ್ರಬಂಧವನ್ನು ಕಪಾಟಿಗೆ ಸೇರಿಸಿ ಸುಮ್ಮನಾಗುತ್ತಿದ್ದೆವೇನೋ. ಅವನು ಕಾಗದ ಬರೆಯಲು ಕೂತ. ನಿಮ್ಮ ರಾಜ್ಯದಲ್ಲಿ ಇದನ್ನು ಮಂಡಿಸಬಲ್ಲ ಶಾಸಕರು ಯಾರಾದರೂ ಇದ್ದಾರೆಯೇ ಎಂದು ಸಂಸದರಿಗೆ ಬರೆದ. ಹೆಚ್ಚಿನವರಿಂದ ಉತ್ತರವೇ ಇಲ್ಲ, ಬಂದ ಉತ್ತರಗಳಲ್ಲಿ ಹೆಚ್ಚಿನವು ನಿರುತ್ಸಾಹದವು. ಮೇನ್ ರಾಜ್ಯದ ಸೆನೆಟರ್ ವಿಲಿಯಂ ಕೋಹೆನ್ ಮಾತ್ರ ವಿಷಯವನ್ನು ತಮ್ಮ ಊರಿನವರಿಗೆ ದಾಟಿಸಿದರು. 1983ರಲ್ಲಿ ಮೇನ್ ಶಾಸನಸಭೆ ಒಪ್ಪಿತು. 1984ರಲ್ಲಿ ಕೊಲರಾಡೊ. ಹುಡುಗನಿಗೆ ಧೈರ್ಯ ಬಂತು. ಮುಂದೆ ಟೆಕ್ಸಾಸ್ ಶಾಸಕರ ಕಚೇರಿಗಳಲ್ಲಿ ಸಹಾಯಕನಾಗಿ ದುಡಿಯುತ್ತ, ಸುಮಾರು ಆರು ಸಾವಿರ ಡಾಲರ್ ಕೈಯಿಂದ ಹಾಕಿ, ರಾಜ್ಯ ರಾಜ್ಯಕ್ಕೆ ಕಾಗದ ಕಳಿಸುತ್ತಲೇ ಹೋದ. ಹಿಂದೆ ಪಕ್ಷವಿಲ್ಲ, ಸಂಘಟನೆಯಿಲ್ಲ. 1989ರಲ್ಲಿ ಸಂಸದರ ಸಂಬಳವನ್ನು ಶೇ 51ರಷ್ಟು ಏರಿಸುವ ಪ್ರಸ್ತಾವ ಬಂದು ದೇಶವೆಲ್ಲ ಸಿಡಿದೆದ್ದಾಗ, ಯಾರಿಗೂ ಬೇಡವಾಗಿದ್ದ ವಾಕ್ಯ ಎಲ್ಲರಿಗೂ ಬೇಕಾಯಿತು.

1992ರ ಮೇ 7ರಂದು ಮಿಷಿಗನ್ ಒಪ್ಪಿದಾಗ, ಗೆಲುವು ಬಂತು ಎಂದು ಸುದ್ದಿಯಾಯಿತು. ಸರಿಯಾಗಿ ಲೆಕ್ಕ ಹಾಕಿದಾಗ ಎರಡು ದಿನ ಮುಂಚೆ, ಮೇ 5ರಂದೇ, ಅಲಬಾಮ ಮತ್ತು ಮಿಸೌರಿ ಒಪ್ಪಿದೊಡನೆ ಗಡಿ ದಾಟಿಯಾಗಿತ್ತು. ಮ್ಯಾಡಿಸನ್ ಕಾಲದ ಕಾಂಗ್ರೆಸ್ ಕಳಿಸಿದ ದಿನದಿಂದ 202 ವರ್ಷ, 7 ತಿಂಗಳು, 10 ದಿನ! ಕಳಿಸಿದವರಲ್ಲಿ ಯಾರೂ ಇಲ್ಲ. ಮೊದಲು ಒಪ್ಪಿದ ಮೇರಿಲ್ಯಾಂಡಿನ ಶಾಸಕರಿಲ್ಲ. ಅವರು ಅಂದು ಕೊಟ್ಟ ಒಪ್ಪಿಗೆಯೂ ಅಲಬಾಮದ ಶಾಸಕರು ಇಂದು ಕೊಟ್ಟ ಒಪ್ಪಿಗೆಯೂ ಒಂದೇ ಲೆಕ್ಕದಲ್ಲಿ ಕೂಡಿದವು. ಎರಡು ಶತಮಾನದ ಆಚೆ ಈಚೆ ನಿಂತವರು ಒಂದೇ ಮತದಾನದಲ್ಲಿ ಭಾಗವಹಿಸಿದರು ಎಂದರೆ ನಂಬುವುದು ಹೇಗೆ?

ಮುಂದಿನ ಕೆಲಸ ಪತ್ರಾಗಾರದ ಮುಖ್ಯಸ್ಥರದು. ರಾಜ್ಯಗಳ ಒಪ್ಪಿಗೆ ಪತ್ರಗಳು ಹೋಗಿ ಸೇರುವುದು ಅವರ ಬಳಿಗೇ. ಮೇ 18ರಂದು ಆಗಿನ ಮುಖ್ಯಸ್ಥ ಡಾನ್ ವಿಲ್ಸನ್ ಅದನ್ನು 27ನೇ ತಿದ್ದುಪಡಿಯೆಂದು ದೃಢೀಕರಿಸಿದರು. ಕಾಂಗ್ರೆಸ್ಸಿನ ಕೆಲವು ಹಿರಿಯರಿಗೆ ಇದು ಹಿಡಿಸಲಿಲ್ಲ, ನಮ್ಮನ್ನು ಕೇಳಬೇಕಿತ್ತು ಎಂದರು. ಆದರೆ ಚುನಾವಣೆಯ ವರ್ಷದಲ್ಲಿ, ಸ್ವಂತ ಸಂಬಳದ ತಡೆಯನ್ನು ವಿರೋಧಿಸಿ ಮತ ಹಾಕುವವರು ಯಾರು? ಮೇ 20ರಂದು ಸೆನೆಟ್ 99–0, ಪ್ರತಿನಿಧಿ ಸಭೆ 414–3 ಮತಗಳಿಂದ ತಿದ್ದುಪಡಿಯನ್ನು ಒಪ್ಪಿಕೊಂಡವು. ಬೆರಗು ಅಲ್ಲಿಗೂ ಮುಗಿಯಲಿಲ್ಲ. ಕೆಂಟಕಿ ರಾಜ್ಯ 1996ರಲ್ಲಿ ತಾನೂ ಒಪ್ಪಿಗೆ ಕೊಟ್ಟಿತು. ಆಮೇಲೆ ನೋಡಿದರೆ, ರಾಜ್ಯ ಹುಟ್ಟಿದ ವರ್ಷವೇ, 1792ರಲ್ಲಿ, ಅದು ಒಮ್ಮೆ ಒಪ್ಪಿಯಾಗಿತ್ತು. ದಾಖಲೆ ಎಲ್ಲೋ ಮರೆತುಹೋಗಿತ್ತು, ಅಷ್ಟೆ. ಆ ‘ಸಿ’ ಗ್ರೇಡನ್ನೂ 2017ರಲ್ಲಿ ವಿಶ್ವವಿದ್ಯಾಲಯ ‘ಎ’ ಎಂದು ಬದಲಿಸಿತು.

ಕಡತದಲ್ಲಿ ಮರೆತ ಕಾಗದ ಎಂದಾಗ ಇನ್ನೊಂದನ್ನು ಹೇಳದೆ ಇರಲಾರೆ. ಗುಲಾಮಗಿರಿಯನ್ನು ರದ್ದುಮಾಡಿದ 13ನೇ ತಿದ್ದುಪಡಿಯನ್ನು ಮಿಸಿಸಿಪ್ಪಿ ರಾಜ್ಯ 1865ರಲ್ಲಿ ತಿರಸ್ಕರಿಸಿತ್ತು. 130 ವರ್ಷ ಕಳೆದು 1995ರಲ್ಲಿ ಒಪ್ಪಿತಾದರೂ ಆ ಪತ್ರ ಪತ್ರಾಗಾರಕ್ಕೆ ತಲುಪಿರಲೇ ಇಲ್ಲ. ಅದನ್ನು ಪತ್ತೆ ಹಚ್ಚಿದವರು ಭಾರತದಿಂದ ಹೋಗಿ ಅಲ್ಲಿನ ಪ್ರಜೆಯಾದ, ಮಿಸಿಸಿಪ್ಪಿಯ ವೈದ್ಯಕೀಯ ಕೇಂದ್ರದಲ್ಲಿ ಪಾಠ ಮಾಡುವ ಒಬ್ಬ ಪ್ರಾಧ್ಯಾಪಕರು! ‘ಲಿಂಕನ್’ ಸಿನಿಮಾ ನೋಡಿ ಬಂದವರಿಗೆ ಯಾವ ಯಾವ ರಾಜ್ಯ ಯಾವಾಗ ಒಪ್ಪಿತು ಎಂಬ ಕುತೂಹಲ ಹುಟ್ಟಿತು, ಹುಡುಕಿದರು, ಲೆಕ್ಕ ತಪ್ಪಿದ್ದು ಕಂಡಿತು. 2013ರ ಫೆಬ್ರುವರಿಯಲ್ಲಿ ಮಿಸಿಸಿಪ್ಪಿಯ ಒಪ್ಪಿಗೆ ಕೊನೆಗೂ ದಾಖಲಾಯಿತು.

ಇನ್ನು ಆ ಚರ್ಮಪತ್ರದ ಮೊಟ್ಟಮೊದಲ ವಿಧಿ? ಅದು ಇಂದಿಗೂ ಗೆದ್ದಿಲ್ಲ, ಸತ್ತೂ ಇಲ್ಲ. ಜನಸಂಖ್ಯೆಗೆ ತಕ್ಕಂತೆ ಪ್ರತಿನಿಧಿ ಸಭೆ ಬೆಳೆಯಬೇಕೆಂಬ ವಿಧಿ ಅದು. ಐವತ್ತು ಸಾವಿರ ಜನಕ್ಕೆ ಗರಿಷ್ಠ ಒಬ್ಬ ಪ್ರತಿನಿಧಿ ಎಂಬ ಅದರ ಲೆಕ್ಕವನ್ನು ಇಂದಿನ ಜನಸಂಖ್ಯೆಗೆ ಹಾಕಿದರೆ, 435 ಸದಸ್ಯರ ಸಭೆ ಆರು ಸಾವಿರ ದಾಟಬಹುದು! ಅದರ ಜೊತೆಗೆ ಇನ್ನೂ ಮೂರು ಹೀಗೆ ಕಾಯುತ್ತಿವೆ. ವಿದೇಶಿ ದೊರೆಗಳ ಬಿರುದು ಪಡೆದವರ ಪೌರತ್ವ ಕಳೆಯುವ 1810ರದು ಒಂದು. 1861ರದು ನಡುಕ ಹುಟ್ಟಿಸುವಂಥದ್ದು: ದಕ್ಷಿಣದ ರಾಜ್ಯಗಳನ್ನು ಒಲಿಸಿಕೊಳ್ಳಲು, ರಾಜ್ಯಗಳಲ್ಲಿನ ಗುಲಾಮಗಿರಿಗೆ ಕಾಂಗ್ರೆಸ್ ಎಂದೂ ಕೈ ಹಾಕದಂತೆ ಮಾಡಲು ಹೊರಟ ತಿದ್ದುಪಡಿ. ಕೆಲವು ರಾಜ್ಯಗಳು ಅದನ್ನು ಒಪ್ಪಿಯೂ ಇದ್ದವು. ಅಂತರ್ಯುದ್ಧ ಬಾರದೆ ಅದು ಗೆದ್ದಿದ್ದರೆ 13ನೇ ತಿದ್ದುಪಡಿ ಎಂಬ ಹೆಸರು ಅದಕ್ಕೇ ಸಲ್ಲುತ್ತಿತ್ತು. ನಾಲ್ಕು ವರ್ಷದಲ್ಲಿ ಅದೇ ಸಂಖ್ಯೆಯಡಿ ಗುಲಾಮಗಿರಿಯೇ ರದ್ದಾಯಿತು.

ಕೊನೆಯದು 1924ರದು. ಹದಿನೆಂಟು ತುಂಬದ ಮಕ್ಕಳ ದುಡಿಮೆಗೆ ಮಿತಿ ಹಾಕುವ, ಬೇಕಾದರೆ ನಿಷೇಧಿಸುವ ಅಧಿಕಾರವನ್ನು ಕಾಂಗ್ರೆಸ್ಸಿಗೆ ಕೊಡುವ ತಿದ್ದುಪಡಿ. 1937ರ ಹೊತ್ತಿಗೆ 28 ರಾಜ್ಯಗಳು ಒಪ್ಪಿದ್ದವು. ಮರುವರ್ಷ ಬಂದ ಕಾರ್ಮಿಕ ಕಾನೂನು ಬಾಲದುಡಿಮೆಗೆ ಕಡಿವಾಣ ಹಾಕಿತು, 1941ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನು ಎತ್ತಿಹಿಡಿಯಿತು. ತಿದ್ದುಪಡಿಯ ಅಗತ್ಯ ಹಿಂದೆ ಸರಿಯಿತು. ಆದರೆ ಕೋರ್ಟಿನ ತೀರ್ಪು ಇನ್ನೊಂದು ತೀರ್ಪಿನಿಂದ ಬದಲಾಗಬಹುದು, ಕಾನೂನನ್ನು ಮುಂದಿನ ಕಾಂಗ್ರೆಸ್ ಸಡಿಲಿಸಬಹುದು. 1924ರ ಆ ಸಾಲುಗಳಿಗೆ ಗಡುವು ಇಲ್ಲ. 28 ರಾಜ್ಯಗಳ ಆ ಒಪ್ಪಿಗೆಗೆ ಇನ್ನು ಹತ್ತು ರಾಜ್ಯಗಳು ಕೂಡಿದರೆ 38 ಆಗುತ್ತದೆ.